ನನ್ನ ಕಡೆಯ ಕ್ಲಚ್

ಕೆಲಸ ಕೇಳಿಕೊಂಡು ಹೋದವಳು ನಾನು. ಪ್ರಶ್ನೆಗಳನ್ನು ಬರೆದುಕೊಂಡು ಹೋದವಳೂ ನಾನೇ. ಬನಶಂಕರಿ ಎರಡನೇ ಹಂತದ ಆ ಡ್ರೈವಿಂಗ್ ಸ್ಕೂಲಿನ ಮಾಲೀಕರು ನನ್ನ ಸರ್ಟಿಫಿಕೇಟುಗಳಿಗೆ ಕೈ ಚಾಚುವ ಮೊದಲೇ ಪರ್ಸಿನಿಂದ ಮಡಿಚಿದ ಹಾಳೆ ತೆಗೆದು ಓದತೊಡಗಿದೆ. ಇಲ್ಲಿ ಗಂಟೆ ಹೊಡೆಯುತ್ತಾರೆಯೇ? ಒಂದು ಸಲಕ್ಕೆ ಎಷ್ಟು ಜನಕ್ಕೆ ಕಲಿಸಬೇಕು? ಮನೆಗೆ ಒಯ್ದು ತಿದ್ದುವಂಥದ್ದು ಏನಾದರೂ ಇರುತ್ತದೆಯೇ? ಕಲಿಯುವವರ ಅಪ್ಪ ಅಮ್ಮ ಬಂದು ಮಾತಾಡಿಸುತ್ತಾರೆಯೇ? ಯಾರಿಗಾದರೂ ರ‍್ಯಾಂಕ್ ಬರುತ್ತದೆಯೇ?

ಮಾಲೀಕರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

"ಇಲ್ಲಿ ರ‍್ಯಾಂಕು ಗೀಂಕು ಏನಿಲ್ಲ ಮೇಡಂ. ಲೈಸೆನ್ಸ್ ಬರುತ್ತೆ, ಇಲ್ಲಾಂದ್ರೆ ಬರಲ್ಲ," ಅಂದರು.

ಅಷ್ಟು ನೆಮ್ಮದಿಯ ವಾಕ್ಯವನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಅದಕ್ಕೆ ಎಂಟು ತಿಂಗಳ ಹಿಂದಿನವರೆಗೆ ನಾನು ಜಯನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಸಿಇಟಿ ಬರೆಯುವ ಮಕ್ಕಳಿಗೆ ಕೆಮಿಸ್ಟ್ರಿ ಹೇಳುತ್ತಿದ್ದೆ. ಬೆಳಗ್ಗೆ ಐದೂವರೆಗೆ ಒಂದು ಬ್ಯಾಚು, ಸಂಜೆ ಎರಡು, ಭಾನುವಾರ ಪರೀಕ್ಷೆ, ಸೋಮವಾರದ ಹೊತ್ತಿಗೆ ನೂರೆಂಬತ್ತು ಪೇಪರು ತಿದ್ದಿರಬೇಕು. ಒಂದು ದಿನ ಬೆನ್ಜೀನಿನ ಉಂಗುರ ಬರೆಯುತ್ತಿದ್ದವಳು ಅರ್ಧಕ್ಕೆ ನಿಂತೆ. ಐದು ಗೆರೆ ಆಗಿತ್ತು. ಆರನೆಯದು ಎಲ್ಲಿಗೆ ಹೋಗಬೇಕೆಂದು ಹೊಳೆಯಲಿಲ್ಲ. ಹಿಂದೆ ತಿರುಗಿ, ನಿಜವಾಗಿಯೂ ತಿಳಿಯದೆ, "ನಾನೀಗ ಏನು ಹೇಳ್ತಾ ಇದ್ದೆ?" ಎಂದು ಕೇಳಿದೆ. ಅರವತ್ತು ಮಕ್ಕಳೂ ಆ ಪ್ರಶ್ನೆಯನ್ನು ನೋಟ್ಸಿನಲ್ಲಿ ಬರೆದುಕೊಂಡರು. ಮುಂದಿನ ಸಾಲಿನ ಒಬ್ಬಳು ಅದರ ಕೆಳಗೆ ಎರಡು ಗೆರೆಯನ್ನೂ ಎಳೆದಳು. ನಾನು ಸೀಮೆಸುಣ್ಣ ಇಟ್ಟು, ಚಪ್ಪಲಿ ಹಾಕಿಕೊಂಡು, ಮನೆಗೆ ನಡೆದುಬಂದೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಎಲ್ಲ ಸರಿಯಾಗಿದೆ ಎಂದರು. ಸರಿಯಾಗಿದ್ದವಳು ಎಂಟು ತಿಂಗಳು ಕಿಟಕಿಯ ಪಕ್ಕ ಕೂತು ಎದುರು ಮನೆಯವರು ಒಣಹಾಕಿದ ಬಟ್ಟೆ ನೋಡುತ್ತಿದ್ದೆ.

ಹಾಗಾಗಿ ಹೊಸ ಕೆಲಸ ಹುಡುಕುವಾಗ ಏನು ಬೇಕು ಎನ್ನುವ ಯೋಚನೆ ನನಗೆ ಬರಲೇ ಇಲ್ಲ. ಏನೇನು ಬೇಡ ಎನ್ನುವುದಷ್ಟೇ ಗೊತ್ತಿತ್ತು. ಹೆಂಗಸರಿಗೆ ಕಾರು ಕಲಿಸಲು ಹೆಂಗಸೇ ಬೇಕು ಎಂದು ಈ ಸ್ಕೂಲಿನವರು ಗಾಜಿಗೆ ಚೀಟಿ ಅಂಟಿಸಿದ್ದರು. ನನ್ನ ಲೈಸೆನ್ಸಿಗೆ ಹತ್ತು ವರ್ಷ ತುಂಬಿತ್ತು. ಇನ್‌ಸ್ಟ್ರಕ್ಟರ್ ಆಗಲು ಇರಬೇಕಾದ ಕಾಗದಪತ್ರಕ್ಕೆ ಒಂದು ಸಣ್ಣ ಮೆಕ್ಯಾನಿಕ್ ಕೋರ್ಸು ಮಾಡಿದರಾಯಿತು ಎಂದರು. ಕಾರಿನಲ್ಲಿ ಒಂದು ಸಲಕ್ಕೆ ಒಬ್ಬರೇ ಕಲಿಯುವುದು. ಕಾರಿಗೆ ಗಂಟೆ ಇಲ್ಲ. ಸ್ಟೇರಿಂಗನ್ನು ಮನೆಗೆ ಒಯ್ದು ತಿದ್ದಲಾಗುವುದಿಲ್ಲ. ನನಗೆ ಹೇಳಿ ಮಾಡಿಸಿದ ಕೆಲಸ ಎಂದುಕೊಂಡೆ.

ಮಾಲೀಕರದ್ದೂ ಒಂದು ಷರತ್ತಿತ್ತು. ತಮ್ಮನ್ನು ಯಾರೂ ಏನನ್ನೂ ಕೇಳಬಾರದು. ಏನಿದ್ದರೂ ಬೋರ್ಡು ನೋಡಿಕೊಳ್ಳಬೇಕು. ಆಫೀಸಿನ ಮೂರು ಗೋಡೆಗೂ ಬೋರ್ಡುಗಳಿದ್ದವು. ಎಲ್‌ಎಲ್‌ಆರ್‌ಗೆ ಏನೇನು ತರಬೇಕು, ಫೋಟೋ ಎಷ್ಟು, ಕ್ಲಾಸು ಎಷ್ಟು ದಿನ, ಟಾಯ್ಲೆಟ್ ಎಲ್ಲಿದೆ, ಎಲ್ಲ. ಅವರು ಇಪ್ಪತ್ತೆರಡು ವರ್ಷ ಸಿಟಿ ಬಸ್ ಓಡಿಸಿ ಸ್ವಂತ ಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡವರು. ಅಷ್ಟು ವರ್ಷವೂ ಪ್ರತಿ ಸ್ಟಾಪಿನಲ್ಲಿ ಯಾರಾದರೊಬ್ಬರು ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು, ಮುಂದೆ ಅಷ್ಟು ದೊಡ್ಡದಾಗಿ ಮಾರ್ಕೆಟ್ ಎಂದು ಬರೆದಿದ್ದರೂ, ಇದು ಮಾರ್ಕೆಟ್‌ಗೆ ಹೋಗುತ್ತಾ ಎಂದು ಕೇಳಿದ್ದರಂತೆ. ಈಗ ಅವರು ಯಾವ ವಾಹನವನ್ನೂ ಹತ್ತುತ್ತಿರಲಿಲ್ಲ. ಶ್ರೀನಗರದ ಮನೆಯಿಂದ ದಿನಾ ನಡೆದೇ ಬಂದು ಮೂರು ಕಾರುಗಳ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದರು.

ನನಗೆ ಕೊಟ್ಟದ್ದು ಒಂದು ಬಿಳಿ ಮಾರುತಿ 800. ಎಡಗಡೆ ಸೀಟಿನ ಮುಂದೆ ಇನ್‌ಸ್ಟ್ರಕ್ಟರಿಗೆಂದು ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು. ಒಂದು ಸರಳಿನ ಮೂಲಕ ಇವು ಬಲಗಡೆಯ ಪೆಡಲುಗಳಿಗೆ ಜೋಡಣೆಯಾಗಿರುತ್ತವೆ. ನಾನು ನನ್ನ ಕ್ಲಚ್ ಒತ್ತಿದರೆ ಕಲಿಯುವವರ ಕಾಲಡಿಯ ಕ್ಲಚ್ಚೂ ತಾನಾಗಿ ಕೆಳಗೆ ಹೋಗುತ್ತದೆ. ಬಹಳ ಅನುಕೂಲದ ವ್ಯವಸ್ಥೆ ಎಂದು ಮೊದಲ ದಿನವೇ ನನಗೆ ಅನಿಸಿತು.

ಮೊದಲ ವಾರ ಸುಖವಾಗಿ ಕಳೆಯಿತು. ಎರಡನೆಯ ವಾರ, ಎಲ್ಲರಿಗೂ ಕ್ಲಚ್ ಬಗ್ಗೆ ಅದದೇ ಮಾತು ಹೇಳುವ ಬದಲು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಹೇಗೆ ಎನಿಸಿತು. ಬರೆದೆ. ಕ್ಲಚ್: ವ್ಯಾಖ್ಯೆ, ತತ್ವ, ಉಪಯೋಗಗಳು, ಚಿತ್ರ. ಜೆರಾಕ್ಸ್ ಮಾಡಿಸಿ ಹಂಚಿದೆ. ಹಂಚಿದ ಮೇಲೆ ಓದಿದ್ದಾರೋ ಇಲ್ಲವೋ ತಿಳಿಯಬೇಡವೇ? ಐದು ಪ್ರಶ್ನೆ ಕೊಟ್ಟೆ. ಉತ್ತರ ಬರೆದು ತಂದವರ ಮುಖ ನೋಡಿ ಹಾಗೇ ವಾಪಸು ಕೊಡಲು ಮನಸ್ಸಾಗಲಿಲ್ಲ. ಒಂದು ಶನಿವಾರ ಬೆಳಗ್ಗೆ ಆರು ಗಂಟೆಗೆ ಮಾಲೀಕರು ನಡೆದುಕೊಂಡು ಬಂದಾಗ ಆಫೀಸಿನ ಬೆಂಚಿನ ಮೇಲೆ ಆರು ಜನ ಹೆಂಗಸರು ಒತ್ತಾಗಿ ಕೂತು, ಒಬ್ಬರ ಹಾಳೆ ಒಬ್ಬರಿಗೆ ಕಾಣದಂತೆ ಕೈ ಅಡ್ಡ ಇಟ್ಟುಕೊಂಡು, ಮೌನವಾಗಿ ಏನೋ ಬರೆಯುತ್ತಿದ್ದರು. ನಾನು ನಡುವೆ ಓಡಾಡುತ್ತಿದ್ದೆ. ನನ್ನ ಕೈಯಲ್ಲಿ ಕೆಂಪು ಪೆನ್ನಿತ್ತು. ಮಾಲೀಕರು ಬಾಗಿಲಲ್ಲೇ ನಿಂತು, ತಪ್ಪು ವಿಳಾಸಕ್ಕೆ ಬಂದವರಂತೆ ಹೊರಗಿನ ಬೋರ್ಡನ್ನು ಇನ್ನೊಮ್ಮೆ ಓದಿಕೊಂಡರು.

ಅಪ್ಪ ಅಮ್ಮಂದಿರ ಕಾಟವಿಲ್ಲ ಎಂಬ ನೆಮ್ಮದಿಯೂ ಉಳಿಯಲಿಲ್ಲ. ಜೆ.ಪಿ. ನಗರದಿಂದ ಬರುತ್ತಿದ್ದ ಡಿಗ್ರಿ ಓದುವ ಹುಡುಗಿಯ ಜೊತೆ ಅವಳ ತಂದೆಯೂ ಬಂದು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಮಗಳು ಎಷ್ಟು ಸಲ ತಪ್ಪು ಗೇರು ಹಾಕಿದಳು ಎಂದು ಡೈರಿಯಲ್ಲಿ ಗೀಟು ಹಾಕಿಕೊಳ್ಳುತ್ತಿದ್ದರು. ಮೂರನೆಯ ದಿನ ಅವರು ಮುಂದಕ್ಕೆ ಬಾಗಿ, ದನಿ ತಗ್ಗಿಸಿ, ಬ್ಯಾಚಿನಲ್ಲಿ ಇವಳು ಎಷ್ಟನೆಯವಳು ಎಂದು ಕೇಳಿದರು. ನನಗೆ ಬೈಯಬೇಕು ಅನಿಸಿತ್ತು. ಆದರೆ ಬಾಯಿಂದ ಬಂದದ್ದು, ಎರಡನೆಯವಳು, ರಿವರ್ಸ್ ಸ್ವಲ್ಪ ಸುಧಾರಿಸಿದರೆ ಮೊದಲು ಬರಬಹುದು ಎಂಬ ಮಾತು.

ಮೊದಲನೆಯವಳು ಯಾರು ಎಂದು ಅವರು ಕೇಳದೇ ಇದ್ದದ್ದು ನನ್ನ ಪುಣ್ಯ. ಯಾಕೆಂದರೆ ಮೊದಲನೆಯವಳು ಇರಲಿಲ್ಲ. ಕೊನೆಯವಳು ಮಾತ್ರ ಯಾರೆಂದು ಚೆನ್ನಾಗಿ ಗೊತ್ತಿತ್ತು.

ಆಕೆ ಬಾಗಲಕೋಟೆ ಕಡೆಯವಳು, ನರ್ಸು. ಬಿಟಿಎಂ ಲೇಔಟಿನಲ್ಲಿ ಇನ್ನಿಬ್ಬರ ಜೊತೆ ಒಂದು ಸಣ್ಣ ಬಾಡಿಗೆ ಮನೆಯಲ್ಲಿದ್ದಳು. ವಯಸ್ಸು ಮೂವತ್ತರ ಆಸುಪಾಸು. ಒಂದು ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ಆರು ವರ್ಷ ದುಡಿದು, ಆಗಷ್ಟೇ ಬಿಟ್ಟಿದ್ದಳು. ಮೊದಲ ದಿನ ಫಾರಂ ತುಂಬಿಸುವಾಗ ಯಾಕೆ ಕಾರು ಕಲಿಯುತ್ತೀರಿ ಎಂದು ಕೇಳಿದೆ. ವಯಸ್ಸಾದ ರೋಗಿಗಳ ಮನೆಮನೆಗೆ ನರ್ಸುಗಳನ್ನು ಕಳಿಸುವ ಒಂದು ಸಂಸ್ಥೆ ಬಿಳೇಕಹಳ್ಳಿಯಲ್ಲಿ ಶುರುವಾಗಿತ್ತು. ಕಾರು ಅವರೇ ಕೊಡುತ್ತಾರೆ, ಓಡಿಸಿಕೊಂಡು ಹೋಗಬೇಕು. ಮೂರು ತಿಂಗಳೊಳಗೆ ಲೈಸೆನ್ಸ್ ತೋರಿಸಿದರೆ ಕೆಲಸ ಖಾಯಂ; ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತಾರೆ. ಇಂಟರ್‌ವ್ಯೂನಲ್ಲಿ ಏನಾದರೂ ಕೇಳುವುದಿದೆಯೇ ಎಂದಾಗ, ಪೇಶಂಟುಗಳ ಮನೆಯಲ್ಲಿ ಸದ್ದು ಮಾಡುವ ಮಷೀನು ಇರುತ್ತವೆಯೇ ಎಂದಷ್ಟೇ ಇವಳು ಕೇಳಿದ್ದಳಂತೆ.

"ಒಂದ್ ಸಲಕ್ಕ ಒಬ್ರ ಪೇಶಂಟ್ ಇರ್ತಾರ್ರಿ ಮೇಡಮ್ಮಾರ. ಬೀಪ್ ಬೀಪ್ ಅನ್ನೂದು ಒಂದೂ ಇರಂಗಿಲ್ಲ. ನನಗ ಅಷ್ಟ ಸಾಕ್ರಿ," ಅಂದಳು.

ನನ್ನ ಪರ್ಸಿನಲ್ಲಿದ್ದ ಹಾಳೆಯೇ ಮಾತಾಡಿದಂತಾಯಿತು. ಇವಳಿಗೆ ಲೈಸೆನ್ಸ್ ಕೊಡಿಸಿಯೇ ತೀರುತ್ತೇನೆ ಎಂದು ಅಲ್ಲೇ ನಿಶ್ಚಯಿಸಿಬಿಟ್ಟೆ.

ಕಷ್ಟ ಏನೆಂದು ಮೊದಲ ಕ್ಲಾಸಿನಲ್ಲೇ ತಿಳಿಯಿತು. ರಿಂಗ್ ರೋಡಿನ ಪಕ್ಕದ ಸರ್ವೀಸ್ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಿದ್ದೆವು. ಹಿಂದಿನಿಂದ ಒಂದು ಆಟೋ ಹಾರ್ನ್ ಹೊಡೆಯಿತು. ನರ್ಸು ಗಕ್ಕನೆ ಬ್ರೇಕ್ ಹಾಕಿ, ಬಾಗಿಲು ತೆಗೆದು, ನಾನು ನೋಡುತ್ತಿದ್ದ ಹಾಗೇ ಕೆಳಗಿಳಿದು ಆಟೋದ ಹತ್ತಿರ ಹೋದಳು.

"ಏನ್ ಬೇಕಾಗಿತ್ರಿ?" ಎಂದು ಕೇಳಿದಳು.

ಬಹುಶಃ ಆ ಆಟೋದವನ ಜೀವಮಾನದಲ್ಲಿ ಹಾರ್ನಿಗೆ ಸಿಕ್ಕ ಮೊದಲ ಉತ್ತರ ಅದು. ಅವನು ತಬ್ಬಿಬ್ಬಾಗಿ, ಏನೂ ಬೇಡ ಅಕ್ಕ, ನೀವು ಹೋಗಿ ಎಂದು ಕೈ ಮುಗಿದ.

ಆರು ವರ್ಷ ಆಕೆಯ ಕಿವಿಗೆ ಸದ್ದು ಎಂದರೆ ಕರೆ. ಹಾಸಿಗೆಯ ಪಕ್ಕದ ಯಂತ್ರ ಕೂಗಿದರೆ ಕೈಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಬೇಕು. ಈಗ ಬೆಂಗಳೂರಿನ ರಸ್ತೆಯಲ್ಲಿ ಅವಳನ್ನು ಎಲ್ಲರೂ ಎಲ್ಲ ಕಡೆಯಿಂದ ಕರೆಯುತ್ತಿದ್ದರು. ಸಾರಕ್ಕಿ ಸಿಗ್ನಲ್ಲಿನಲ್ಲಂತೂ ಯಾವ ಕಡೆ ಓಡಬೇಕೆಂದು ತಿಳಿಯದೆ, ಎರಡೂ ಕೈಯನ್ನು ಸ್ಟೇರಿಂಗಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತುಬಿಡುತ್ತಿದ್ದಳು. ಆಗೆಲ್ಲ ನಾನು ನನ್ನ ಕಡೆಯ ಕ್ಲಚ್ ಒತ್ತಿ, ಗೇರು ಹಾಕಿ, ಪಕ್ಕದಿಂದಲೇ ಸ್ಟೇರಿಂಗ್ ಹಿಡಿದು ದಾಟಿಸುತ್ತಿದ್ದೆ. ದಾಟಿದ ಮೇಲೆ, ನೋಡಿ ಎಷ್ಟು ಚೆನ್ನಾಗಿ ಬಂದಿರಿ ಎನ್ನುತ್ತಿದ್ದೆ.

ಮೊದಲ ಬ್ಯಾಚಿನ ಟೆಸ್ಟಿನ ದಿನ ಬಂತು. ಆರು ಜನ. ರಾತ್ರಿಯೆಲ್ಲ ಓದಿಕೊಂಡು ಬಂದವರಂತೆ ಎಲ್ಲರ ಕೈಯಲ್ಲೂ ನನ್ನ ನೋಟ್ಸು. ಆರ್‌ಟಿಓ ಮೈದಾನ, ನಮ್ಮದೇ ಬಿಳಿ ಕಾರು. ಇನ್‌ಸ್ಪೆಕ್ಟರು ಎಡಗಡೆ ಸೀಟಿನಲ್ಲಿ ಕೂತು, ತಮ್ಮ ಬೂಟುಗಾಲನ್ನು ಪೆಡಲುಗಳಿಂದ ದೂರಕ್ಕೆ ಎಳೆದುಕೊಂಡು, ಮಡಿಲ ಮೇಲೆ ಪ್ಯಾಡ್ ಇಟ್ಟುಕೊಂಡರು. ಮೈದಾನದಲ್ಲಿ ಎಂಟು ಹಾಕಬೇಕು, ಹಿಂದಕ್ಕೆ ತೆಗೆಯಬೇಕು, ದಿಬ್ಬದಲ್ಲಿ ನಿಲ್ಲಿಸಿ ಮುಂದಕ್ಕೆ ಬಿಡಬೇಕು.

ಎರಡನೇ ಸ್ಥಾನದ ಡಿಗ್ರಿ ಹುಡುಗಿ ಮೊದಲು ಹೋದಳು. ಕಾರು ಒಮ್ಮೆ ಮುಗ್ಗರಿಸಿ ಆಫ್ ಆಯಿತು. ಮತ್ತೆ ಸ್ಟಾರ್ಟ್, ಮತ್ತೆ ಮುಗ್ಗರಿಸಿತು, ಆಫ್. ಇಳಿದಳು. ಮುಂದಿನವಳು ಹತ್ತಿದಳು. ಅದೇ. ಮೂರನೆಯವಳದ್ದು ನಾಲ್ಕು ಸಲ. ದಡ್ಡ ಕಪ್ಪೆಯೊಂದು ಮೈದಾನ ದಾಟಲು ಹೊರಟ ಹಾಗೆ ನಮ್ಮ ಕಾರು ಅರ್ಧ ಗಂಟೆಯಲ್ಲಿ ಸುಮಾರು ಇಪ್ಪತ್ತು ಅಡಿ ಮುಂದೆ ಹೋಗಿತ್ತು. ಹುಡುಗಿಯ ತಂದೆ ಡೈರಿ ಮುಚ್ಚಿ ಜೇಬಿಗೆ ಹಾಕಿಕೊಂಡರು. ನರ್ಸು ಕೊನೆಯವಳು, ಅವಳು ಕಾರು ಹೊರಡಿಸುವ ಮೊದಲೇ ಪಕ್ಕದಲ್ಲಿ ಯಾವನೋ ಸ್ಕೂಟರ್ ಹಾರ್ನ್ ಹೊಡೆದ. ಇಳಿದು ಹೋಗಲಿಲ್ಲ, ಅಷ್ಟು ಸುಧಾರಿಸಿದ್ದಳು. ಕಿಟಕಿಯಿಂದ ತಲೆ ಹೊರಹಾಕಿ ಬಂದೆ ಬಂದೆ ಎಂದಳು.

ಆರಕ್ಕೆ ಆರೂ ಫೇಲು. ಇನ್‌ಸ್ಪೆಕ್ಟರು ಒಳ್ಳೆಯವರೇ. ಕೆಳಗಿಳಿದು, ಅನುಮಾನಿಸುತ್ತ ನನ್ನ ಹತ್ತಿರ ಬಂದು, "ಮೇಡಂ, ಬೇಜಾರ್ ಮಾಡ್ಕೋಬೇಡಿ. ಇವ್ರಿಗೆಲ್ಲ ಬೇರೆ ಯಾವ್ದಾದ್ರೂ ಗಾಡೀಲಿ ಕಲಿಸಿದ್ರಾ?" ಎಂದು ಕೇಳಿದರು.

ಕ್ಲಚ್ಚಿನದೇ ಏನೋ ದೋಷವಿರಬೇಕು ಎಂದುಕೊಂಡು ಮಾರನೆಯ ದಿನ ಕಾರನ್ನು ಗಿರಿನಗರದ ಮೆಕ್ಯಾನಿಕ್ ಹತ್ತಿರ ಒಯ್ದೆ. ಅರವತ್ತು ದಾಟಿದ ಮನುಷ್ಯ. ಆತ ಬಾನೆಟ್ ತೆಗೆದು ಕೇಬಲ್ ಎಳೆದು ನೋಡಿದರು, ಒಂದು ಸುತ್ತು ಓಡಿಸಿ ಬಂದರು. ಗಾಡಿ ಬೆಣ್ಣೆಯ ಹಾಗಿದೆ ಎಂದರು. ಆಮೇಲೆ ಟಾರ್ಚ್ ಹಿಡಿದು ಬಲಗಡೆ ಬಗ್ಗಿ ಪೆಡಲು ನೋಡಿದರು, ಎದ್ದು ಬಂದು ಎಡಗಡೆ ಬಗ್ಗಿ ನೋಡಿದರು, ಮತ್ತೆ ಬಲಗಡೆಗೆ ಹೋದರು. ನನ್ನನ್ನು ಕರೆದು ತೋರಿಸಿದರು. ಎರಡು ತಿಂಗಳ ಹಿಂದೆ ಅವರೇ ಎರಡೂ ಕಡೆ ಹೊಸ ಪೆಡಲ್ ರಬ್ಬರ್ ಹಾಕಿದ್ದರಂತೆ. ಬಲಗಡೆಯ ಕ್ಲಚ್ ರಬ್ಬರಿನ ಗೀರುಗಳು ಹೊಸದರಂತೆ ಎದ್ದು ಕಾಣುತ್ತಿದ್ದವು. ಎಡಗಡೆಯದು, ನನ್ನ ಕಡೆಯದು, ಸವೆದು ನುಣ್ಣಗಾಗಿ ಒಂದು ಮೂಲೆಯಲ್ಲಿ ಕಬ್ಬಿಣ ಇಣುಕುತ್ತಿತ್ತು.

"ಈ ಗಾಡೀಲಿ ಕಲೀತಾ ಇರೋದು ಯಾರು ಮೇಡಂ?" ಅಂದರು.

ನಗಬೇಕೋ ಅಳಬೇಕೋ ತಿಳಿಯದೆ ಅವರು ಕೊಟ್ಟ ಸ್ಟೂಲಿನ ಮೇಲೆ ಕೂತೆ. ಎರಡು ತಿಂಗಳು ನಾನು ಆರು ಜನರ ಕ್ಲಚ್ಚನ್ನು ಒಬ್ಬಳೇ ಒತ್ತಿದ್ದೆ. ಒತ್ತುತ್ತಿದ್ದೇನೆ ಎಂಬುದು ನನಗೇ ಗೊತ್ತಿರಲಿಲ್ಲ. ಕಾರು ಸ್ವಲ್ಪ ನಡುಗಿದರೆ ಸಾಕು, ಕಾಲು ತಾನಾಗಿ ಹೋಗುತ್ತಿತ್ತು. ಅವರು ತಮ್ಮದೇ ಕಾಲು ಎಂದುಕೊಂಡಿದ್ದರು. ಕೋಚಿಂಗ್ ಸೆಂಟರಿನಲ್ಲಿಯೂ ಬೋರ್ಡಿನ ಹತ್ತಿರ ಬಂದ ಮಗು ಲೆಕ್ಕದ ನಡುವೆ ತಡವರಿಸಿದರೆ ಸೀಮೆಸುಣ್ಣ ಕಿತ್ತುಕೊಂಡು ನಾನೇ ಮುಗಿಸುತ್ತಿದ್ದೆ. ಅರವತ್ತು ಮಕ್ಕಳಿಂದ ನನಗೆ ಸುಸ್ತಾಯಿತು ಎಂದು ಎಂಟು ತಿಂಗಳು ಕಿಟಕಿಯ ಹತ್ತಿರ ಕೂತು ತೀರ್ಮಾನಿಸಿದ್ದೆ. ಆದ್ದರಿಂದಲೇ ಒಂದು ಸಲಕ್ಕೆ ಒಬ್ಬರೇ ಇರುವ ಕೆಲಸ ಹುಡುಕಿ ತೆಗೆದದ್ದು. ಕೆಲಸ ಬದಲಾಗಿತ್ತು ನಿಜ. ಕಾಲು ಅದೇ ಆಗಿತ್ತು.

ಎಡಗಡೆಯ ಕ್ಲಚ್ಚನ್ನು ಬಿಚ್ಚಿಬಿಡಿ ಎಂದು ಮೆಕ್ಯಾನಿಕ್ಕಿಗೆ ಹೇಳಿದೆ. ಅವರು ಮಾಲೀಕರನ್ನು ಕೇಳಬೇಕು ಎಂದರು. ಮಾಲೀಕರು ಬೇಡ ಎಂದರು. ಹೊರಗಿನ ಬೋರ್ಡಿನಲ್ಲಿ ಡಬಲ್ ಕಂಟ್ರೋಲ್ ಎಂದು ಬರೆದಿದೆ. ಒಂದು ತೆಗೆದರೆ ಜನ ಬಂದು ಪ್ರಶ್ನೆ ಕೇಳುತ್ತಾರೆ, ಅದೇ ಅವರ ಭಯ. ಬ್ರೇಕು ಹಾಗೇ ಇರಲಿ, ಪ್ರಾಣಕ್ಕೆ ಅದು ಬೇಕು. ಕ್ಲಚ್ ಮಾತ್ರ ಹೋಗಲಿ ಎಂದೆ. ಸವೆದ ರಬ್ಬರನ್ನು ಅವರ ಮೇಜಿನ ಮೇಲಿಟ್ಟೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿದ ಆ ಹಳೆಯ ಬಸ್ ಡ್ರೈವರಿಗೆ ಏನು ಅರ್ಥವಾಯಿತೋ, ಎದ್ದು ಹೋಗಿ ಒಂದು ಬೋರ್ಡಿನ ಕೆಳಗೆ ಇದ್ದ ಜಾಗದಲ್ಲಿ ಸ್ವತಃ ಪೇಂಟಿನಿಂದ ಬರೆದರು: ಕ್ಲಚ್ ನಿಮ್ಮದೇ.

ನರ್ಸಿನ ಎರಡನೆಯ ಟೆಸ್ಟಿಗೆ ಮೂರು ವಾರವಿತ್ತು. ಅವಳ ಮೂರು ತಿಂಗಳ ಗಡುವು ಮುಗಿಯುವುದೂ ಅದೇ ವಾರ. ಆಸ್ಪತ್ರೆಗೇ ವಾಪಸು ಹೋಗಬೇಕಾದೀತು ಎಂದು ಅವಳು ಒಮ್ಮೆ ಹೇಳಿದಳು. ನೋಟ್ಸು, ಪರೀಕ್ಷೆ ಎಲ್ಲ ನಿಲ್ಲಿಸಿದೆ. ದಿನಾ ಬೆಳಗ್ಗೆ ಅವಳನ್ನು ಶ್ರೀನಗರದ ಏರು ರಸ್ತೆಗಳಿಗೆ ಕರೆದುಕೊಂಡು ಹೋಗುತ್ತಿದ್ದೆ. ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸುವುದು, ಮೊದಲ ಗೇರು ಹಾಕಿ ಕ್ಲಚ್ಚನ್ನು ಮೆಲ್ಲನೆ ಬಿಡುವುದು, ಬಾನೆಟ್ಟಿನ ಮೂತಿ ಒಂದಿಷ್ಟು ಮೇಲೆದ್ದ ಕ್ಷಣಕ್ಕೆ ಕಾಲನ್ನು ಅಲ್ಲೇ ಹಿಡಿದು, ಆಕ್ಸಿಲರೇಟರ್ ಕೊಟ್ಟು, ಹ್ಯಾಂಡ್ ಬ್ರೇಕ್ ಇಳಿಸುವುದು. ಇದನ್ನು ನಾನು ವಿವರಿಸಬಲ್ಲೆ. ಆ ಕ್ಷಣ ಯಾವುದು ಎನ್ನುವುದನ್ನು ಮಾತ್ರ ಅವಳ ಕಾಲೇ ಹುಡುಕಿಕೊಳ್ಳಬೇಕು.

ಅವಳು ಹುಡುಕುತ್ತಿದ್ದಷ್ಟು ಹೊತ್ತು ನನ್ನ ಎಡಗಾಲು, ಇಲ್ಲದ ಪೆಡಲನ್ನು ಒತ್ತಿ ಒತ್ತಿ ಮ್ಯಾಟನ್ನು ಮುದ್ದೆ ಮಾಡುತ್ತಿತ್ತು. ಕೊನೆಗೆ ಚಪ್ಪಲಿ ಬಿಟ್ಟು ಆ ಕಾಲನ್ನು ಮಡಿಚಿ ಸೀಟಿನ ಮೇಲೆ ಇಟ್ಟುಕೊಂಡೆ. ಬಲಗಾಲು ಬ್ರೇಕಿನ ಹತ್ತಿರ ಕಾವಲು. ಸೀರೆಯುಟ್ಟು, ಅರ್ಧ ಚಕ್ಕಂಬಕ್ಕಳ ಹಾಕಿ ಕಾರಿನಲ್ಲಿ ಕೂತ ಇನ್‌ಸ್ಟ್ರಕ್ಟರನ್ನು ನೋಡಿ ಶ್ರೀನಗರದ ಬಸ್‌ಸ್ಟ್ಯಾಂಡಿನವರು ಹೂ ಹಣ್ಣು ಕೊಡದೇ ಇದ್ದದ್ದು ಹೆಚ್ಚು. ಒಂದು ಬೆಳಗ್ಗೆ ಅದೇ ಏರಿನಲ್ಲಿ ಅವಳು ಹನ್ನೊಂದು ಸಲ ಗಾಡಿ ಆಫ್ ಮಾಡಿದಳು. ಹಿಂದೆ ತರಕಾರಿ ಗಾಡಿಯವನು ತನ್ನ ಚಕ್ರಕ್ಕೆ ಕಲ್ಲು ಕೊಟ್ಟು, ಕೂತು ಬೀಡಿ ಹಚ್ಚಿದ. ನಾನು ಬಾಯಿ ಬಿಡಲಿಲ್ಲ. ನನ್ನ ಕೆಲಸದ ಜೀವನದಲ್ಲಿ ಅಷ್ಟು ಕಷ್ಟದ ಹತ್ತು ನಿಮಿಷ ಇನ್ನೊಂದಿಲ್ಲ. ಹನ್ನೆರಡನೆಯ ಸಲ ಮೂತಿ ಎದ್ದಿತು, ನಿಂತಿತು, ಕಾರು ಹತ್ತಿತು.

ಉಳಿದದ್ದು ಹಾರ್ನಿನ ಸಮಸ್ಯೆ. ಅದಕ್ಕೆ ನನ್ನ ಹತ್ತಿರ ಉಪಾಯವಿರಲಿಲ್ಲ, ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎನ್ನುವಂತೆಯೂ ಇಲ್ಲ. ಒಂದು ದಿನ ಬೇಸರದಲ್ಲಿ, ಐಸಿಯುನಲ್ಲಿ ಅಷ್ಟೊಂದು ಯಂತ್ರ ಒಟ್ಟಿಗೆ ಕೂಗಿದರೆ ನೀವು ಎಲ್ಲದಕ್ಕೂ ಓಡುತ್ತಿದ್ದಿರಾ ಎಂದು ಕೇಳಿದೆ. ಅವಳು ಕಾರನ್ನು ಪಕ್ಕಕ್ಕೆ ಹಾಕಿ, ಮೊದಲ ಬಾರಿಗೆ ನನಗೆ ಪಾಠ ಹೇಳುವವರ ಹಾಗೆ ತಿರುಗಿ ಕೂತಳು.

"ಹಂಗ ಎಲ್ಲಾದಕ್ಕೂ ಓಡಾಂಗಿಲ್ರಿ. ಹತ್ತರಾಗ ಎಂಟು ಸುಳ್ಳ ಇರ್ತಾವ. ಪೇಶಂಟ್ ಹೊಳ್ಳಿ ಮಲಗಿರ್ತಾರ, ವೈರ್ ಕಿತ್ತಿರ್ತೈತಿ, ಅಷ್ಟಕ್ಕ ಒದರ್ತೈತ್ರಿ. ಖರೇ ಯಾವ್ದು ಅಂತ ಸದ್ದಿನ ಮ್ಯಾಲ ಗೊತ್ತಾಗತೈತಿ. ಮೊದಲ್ ವರ್ಷ ಎಲ್ಲಾದಕ್ಕೂ ಓಡ್ತಿದ್ದೆ. ಆಮ್ಯಾಲ ತಿಳೀತು. ಕಡೀ ವರ್ಷ ಮತ್ತ ಎಲ್ಲಾದಕ್ಕೂ ಓಡಾಕ ಹತ್ತಿದ್ನಿ. ಆವಾಗ ಬಿಟ್ಟೆ ನೋಡ್ರಿ."

ಹೇಳಿ ಮುಗಿಸಿ ಮತ್ತೆ ಮುಂದಕ್ಕೆ ತಿರುಗಿ ಕೂತಳು. ಆಗಲೇ ಒಂದು ಬಸ್ಸು ಹಿಂದಿನಿಂದ ಹಾರ್ನ್ ಹೊಡೆದು ದಾಟಿ ಹೋಯಿತು. ಅವಳ ಭುಜ ಏರಿತು, ಇಳಿಯಿತು. ಕನ್ನಡಿ ನೋಡಿ, ಇದು ಖರೇದು, ಸಂದಿ ಬೇಕಾಗಿತ್ತು ಎಂದಳು. ಸ್ಕೂಟರೊಂದು ಕೀಂ ಎಂದಿತು. ವೈರ್ ಕಿತ್ತೈತಿ, ಎಂದಳು.

ಅಂದಿನಿಂದ ಸಾರಕ್ಕಿ ಸಿಗ್ನಲ್ಲಿನಲ್ಲಿ ನಮ್ಮ ಕೆಲಸ ಅದೇ. ಕೆಂಪು ದೀಪ ಇರುವಾಗಲೇ ಹಿಂದಿನಿಂದ ಒತ್ತುವ ಆಟೋಗಳು: ಪೇಶಂಟ್ ಹೊಳ್ಳಿ ಮಲಗ್ಯಾನ. ಹಸಿರು ಬಂದ ಕೂಡಲೇ ಹೊಡೆಯುವ ವ್ಯಾನು: ಗಡಿಬಿಡಿ ಸಂಬಂಧಿಕರು. ಲಾರಿ: ಡಾಕ್ಟರ್ ರೌಂಡ್ಸು, ದಾರಿ ಬಿಡಬೇಕು. ನಾವಿಬ್ಬರೂ ಆ ಕಾರಿನಲ್ಲಿ ನಕ್ಕಷ್ಟು ನಾನು ಆ ವರ್ಷವೆಲ್ಲ ನಕ್ಕಿರಲಿಲ್ಲ.

ಟೆಸ್ಟಿನ ದಿನ ಅದೇ ಇನ್‌ಸ್ಪೆಕ್ಟರು ಬಂದರು. ನಮ್ಮ ಕಾರನ್ನು ಕಂಡು ಮೊದಲು ವಾಚು ನೋಡಿಕೊಂಡರು. ನಾನು ಹೊರಗೆ ಬೇಲಿಯ ಹತ್ತಿರ ನಿಂತಿದ್ದೆ. ಅಲ್ಲಿಂದ ನನ್ನ ಕಾಲು ಎಷ್ಟು ಒತ್ತಿದರೂ ನೆಲಕ್ಕೆ ಮಾತ್ರ ಗೊತ್ತು. ಡಿಗ್ರಿ ಹುಡುಗಿ ರಿವರ್ಸಿನಲ್ಲಿ ಕಂಬಕ್ಕೆ ತಾಗಿಸಿ ಮತ್ತೆ ಫೇಲಾದಳು. ಅವಳ ತಂದೆ ನನ್ನ ಕಡೆ ನೋಡಿದರು. ಈ ಸಲ ನಾನು ಯಾವ ಸ್ಥಾನವನ್ನೂ ಹೇಳಲಿಲ್ಲ. ಮುಂದಿನ ವಾರ ಅವಳೊಬ್ಬಳನ್ನೇ ಕಳಿಸಿ ಎಂದೆ. ಅವರಿಗೆ ಕೋಪ ಬಂತು, ಆದರೂ ಕಳಿಸಿದರು, ಮೂರನೆಯ ಸಲ ಅವಳು ಪಾಸಾದಳು. ಆ ದಿನದ ಟೆಸ್ಟಿನಲ್ಲಿ ನರ್ಸು ಎಂಟು ಹಾಕಿದಳು. ದಿಬ್ಬದ ಮೇಲೆ ಕಾರು ನಿಂತಿತು, ಬಾನೆಟ್ ಮೂತಿ ಎತ್ತಿತು, ಕೂದಲೆಳೆಯಷ್ಟೂ ಹಿಂದೆ ಜಾರದೆ ಹತ್ತಿತು. ದಿಬ್ಬ ಇಳಿಯುವಾಗ ಇನ್‌ಸ್ಪೆಕ್ಟರು ಏನೋ ಪರೀಕ್ಷಿಸಲೆಂದು ತಾವೇ ಪಕ್ಕದಿಂದ ಕೈ ಚಾಚಿ ಹಾರ್ನ್ ಒತ್ತಿದರಂತೆ. ಅವಳು ಅವರ ಕಡೆ ತಿರುಗಿಯೂ ನೋಡಲಿಲ್ಲವಂತೆ. ಕನ್ನಡಿಗಳನ್ನು ನೋಡಿಕೊಂಡು ಮುಂದೆ ಹೋದಳಂತೆ.

ಆ ಬ್ಯಾಚಿನಲ್ಲಿ ನಾಲ್ವರು ಪಾಸು. ಮಾಲೀಕರು ಸುದ್ದಿ ಕೇಳಿ ಒಂದು ವಾರದಲ್ಲಿ ದೊಡ್ಡ ಯೋಜನೆ ಹಾಕಿದರು. ಬಿಳೇಕಹಳ್ಳಿಯಲ್ಲಿ ಹೆಂಗಸರಿಗೇ ಪ್ರತ್ಯೇಕ ಬ್ರಾಂಚು, ನಾಲ್ಕು ಕಾರು, ಬೆಳಗ್ಗೆ ಐದೂವರೆಯಿಂದ ಕ್ಲಾಸು, ಪೂರ್ತಿ ನನ್ನದೇ ಉಸ್ತುವಾರಿ. ಕೇಳುತ್ತ ಕೂತಾಗ ನನ್ನ ತಲೆ ಆಗಲೇ ಟೈಂಟೇಬಲ್ ಹಾಕುತ್ತಿತ್ತು, ಯಾರ ಹಿಂದೆ ಯಾರು, ಭಾನುವಾರ ಯಾವ ಪರೀಕ್ಷೆ. ಅದನ್ನು ಗಮನಿಸಿ ನನಗೇ ಗಾಬರಿಯಾಯಿತು. ನನಗೆ ಒಂದೇ ಕಾರು ಸಾಕು ಸಾರ್ ಎಂದೆ. ಕಾರಣ ಕೇಳುತ್ತಾರೆ ಎಂದುಕೊಂಡು ಕಾಯುತ್ತಿದ್ದೆ. ಕೇಳಲಿಲ್ಲ. ಪ್ರಶ್ನೆ ಕೇಳುವವರನ್ನು ಕಂಡರಾಗದ ಮನುಷ್ಯ, ತಾವೂ ಯಾರನ್ನೂ ಕೇಳುತ್ತಿರಲಿಲ್ಲ. ಆ ಕಾರಿನಲ್ಲೇ ನಾನು ಮುಂದೆ ಒಂಬತ್ತು ವರ್ಷ ಕೆಲಸ ಮಾಡಿದೆ.

ನರ್ಸು ಕೆಲಸಕ್ಕೆ ಸೇರಿದ ಹದಿನೈದು ದಿನಕ್ಕೆ ಸಂಸ್ಥೆಯ ಕಾರು ತೆಗೆದುಕೊಂಡು ನಮ್ಮ ಆಫೀಸಿಗೆ ಬಂದಳು. ಮಧ್ಯಾಹ್ನ ಎರಡು ಗಂಟೆ. ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಒಬ್ಬ ಅಜ್ಜಿಗೆ ಇಂಜೆಕ್ಷನ್ ಕೊಡುವುದಿತ್ತು, ನನ್ನ ಮನೆಯೂ ಆ ಕಡೆಯೇ. ಬಿಟ್ಟು ಹೋಗುತ್ತೇನೆ ಬರ್ರಿ ಎಂದಳು. ಎಡಗಡೆ ಸೀಟಿನಲ್ಲಿ ಕೂತೆ. ಅಲ್ಲಿ ಯಾವ ಪೆಡಲೂ ಇರಲಿಲ್ಲ, ಬ್ರೇಕು ಕೂಡ. ಅವಳು ಗೇರು ಬದಲಿಸುವುದನ್ನು ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದದ್ದು ನೆನಪಿದೆ. ಆಮೇಲೆ ನೆನಪಿಲ್ಲ.

ಯಾರೋ ಮಣಿಕಟ್ಟು ಹಿಡಿದಂತಾಗಿ ಕಣ್ಣು ಬಿಟ್ಟೆ. ಕಾರು ಸಿಗ್ನಲ್ಲಿನಲ್ಲಿ ನಿಂತಿತ್ತು. ಅವಳ ಬಲಗೈ ಸ್ಟೇರಿಂಗಿನ ಮೇಲೆ, ಎಡಗೈಯ ಮೂರು ಬೆರಳು ನನ್ನ ನಾಡಿಯ ಮೇಲೆ. ಕಣ್ಣು ಗಡಿಯಾರದ ಮೇಲೆ. ನನ್ನ ತಲೆ ಪಕ್ಕಕ್ಕೆ ವಾಲಿದ್ದು ನೋಡಿ ಪ್ರಜ್ಞೆ ತಪ್ಪಿದೆ ಎಂದುಕೊಂಡಿದ್ದಳಂತೆ. ಎಚ್ಚರವಾಗಿದ್ದೇನೆ ಎಂದು ಹೇಳಲು ಹೋದೆ. ಅವಳು ಸುಮ್ಮನಿರುವಂತೆ ತಲೆಯಾಡಿಸಿ, ಎಣಿಕೆ ಮುಗಿಸಿ, ಕೈಯನ್ನು ಜೋಪಾನವಾಗಿ ನನ್ನ ಮಡಿಲಲ್ಲಿ ಇಟ್ಟಳು.

"ಎಪ್ಪತ್ತೆರಡು ಐತ್ರಿ. ಏನೂ ಆಗಿಲ್ಲ, ಬರೇ ನಿದ್ದಿ," ಅಂದಳು. "ಇನ್ನೂ ಎರಡು ಸಿಗ್ನಲ್ ಅದಾವ. ಮಲಗ್ರಿ."